ಕ್ರೈಸ್ತರು ಸಿನಿಮಾ ನೋಡಬಹುದಾ, ಆಟಕ್ಕೆ ಹೋಗಬಹುದಾ?

ಯೌವನಸ್ಥರ ಕೂಟ ಮುಗಿದು ಚಹಾ ಕುಡಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ಸಿನಿಮಾ ನೋಡೋದು ಪಾಪನಾ?" ಕೆಲವರದು ವೆಬ್ ಸೀರೀಸ್, ಕೆಲವರದು ಮೊಬೈಲ್ ಗೇಮ್. ಕರಾವಳಿಯವರಾದರೆ ಯಕ್ಷಗಾನದ ಬಗ್ಗೆ ಕೇಳುತ್ತಾರೆ. ಅಪ್ಪ ಅಮ್ಮಂದಿರು ಕೇಳುವ ರೀತಿಯೇ ಬೇರೆ: "ಯಾವುದು ನೋಡಬಹುದು, ಯಾವುದು ಬೇಡ ಅಂತ ಒಂದು ಪಟ್ಟಿ ಮಾಡಿ ಕೊಡಿ."

ಮೊದಲೇ ಹೇಳಿಬಿಡುತ್ತೇನೆ. ಸಿನಿಮಾ ನೋಡುವುದು ಪಾಪವಲ್ಲ. ಪಟ್ಟಿಯನ್ನು ಮಾತ್ರ ನಾನು ಕೊಡುವುದಿಲ್ಲ. ಹಿಡಿಯಬೇಡ, ರುಚಿ ನೋಡಬೇಡ, ಮುಟ್ಟಬೇಡ ಎಂಬ ಕಟ್ಟಳೆಗಳ ಬಗ್ಗೆ ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದ ಮಾತು ನೆನಪಿದೆಯಾ? ಅವು ಹೊರಗಿನಿಂದ ದೊಡ್ಡ ಭಕ್ತಿಯ ಹಾಗೆ ಕಾಣುತ್ತವೆ, ಆದರೆ ಒಳಗಿನ ಆಸೆಯನ್ನು ತಡೆಯುವ ಶಕ್ತಿ ಅವಕ್ಕಿಲ್ಲ ಎನ್ನುತ್ತಾನೆ. ಟಿವಿಯೇ ಇಲ್ಲದ ಮನೆಯಲ್ಲಿ ಬೆಳೆದ ಹುಡುಗರು ಹಾಸ್ಟೆಲ್ ಸೇರಿದ ಮೇಲೆ ಬೆಳಗಿನ ಜಾವದ ತನಕ ಮೊಬೈಲ್ ಹಿಡಿದು ಕೂತಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಏನು ಬೇಕಾದರೂ ನೋಡಬಹುದಾ? ಪೌಲನ ಕಾಲದ ಕೊರಿಂಥ ಪಟ್ಟಣದ ಕ್ರೈಸ್ತರೂ ಇದನ್ನೇ ಕೇಳಿದ್ದರು. ಅವರ ಕಾಲದಲ್ಲಿ ಗಲಾಟೆ ಎದ್ದದ್ದು ಮಾಂಸದ ವಿಷಯಕ್ಕೆ. ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯ ಮಾಂಸ ಪೇಟೆಗೂ ಬರುತ್ತಿತ್ತು. ಗುಡಿಗೆ ಸೇರಿದ ಊಟದ ಕೋಣೆಗಳೂ ಇದ್ದವು, ಅಲ್ಲಿ ಔತಣ ನಡೆಯುತ್ತಿತ್ತು. ಪೌಲನು ಎಲ್ಲಕ್ಕೂ ಒಂದೇ ಉತ್ತರ ಕೊಡಲಿಲ್ಲ. ಪೇಟೆಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದೇ ಎಂದ. ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ ಎಂದ. ಆದರೆ ಪಕ್ಕದವನು "ಇದು ಬಲಿಯ ಮಾಂಸ" ಎಂದು ಹೇಳಿದರೆ ಅವನ ಮನಸ್ಸಾಕ್ಷಿಗೋಸ್ಕರ ಬಿಟ್ಟುಬಿಡಿ. ಗುಡಿಯ ಪಂಕ್ತಿಯಲ್ಲಿ ಮಾತ್ರ ಕೂರಬೇಡಿ, ಅದು ಬೇರೆ ಆರಾಧನೆ. ಮಾಂಸ ಒಂದೇ, ಉತ್ತರ ಮಾತ್ರ ಜಾಗಕ್ಕೆ ತಕ್ಕ ಹಾಗೆ, ಜೊತೆಗಿರುವವರಿಗೆ ತಕ್ಕ ಹಾಗೆ.

ನಮ್ಮ ಕಡೆ ಇದಕ್ಕೆ ಸರಿಯಾಗಿ ಹೊಂದುವುದು ಯಕ್ಷಗಾನ. ನಾವು ಅದನ್ನು ಸುಮ್ನೆ "ಆಟ" ಅನ್ನುತ್ತೇವೆ. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಡುತ್ತವೆ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವ ತನಕ ಒಂದಲ್ಲ ಒಂದು ಗದ್ದೆಯಲ್ಲಿ ಚೆಂಡೆ ಕೇಳುತ್ತಲೇ ಇರುತ್ತದೆ. ಕ್ರೈಸ್ತರ ಮನೆಯ ಮಕ್ಕಳಿಗೂ ಆ ಸದ್ದು ಗೊತ್ತು, ಆ ಕುಣಿತ ಇಷ್ಟ. ಆದರೆ ಕಟೀಲು ಮೇಳದಂಥ ಮೇಳಗಳ ಆಟ ಹೆಚ್ಚಾಗಿ ಹರಕೆಯದು. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆಯಾಗಿ, ಪ್ರಸಾದ ಹಂಚಿ, ಆಮೇಲೆ ವೇಷಗಳು ರಂಗಸ್ಥಳಕ್ಕೆ ಬರುತ್ತವೆ. ಆಡಿಸುವ ಮನೆಯವರಿಗೆ ಅದು ದೇವಿಯ ಸೇವೆ.

ನನ್ನ ಉತ್ತರ ಹೀಗಿದೆ. ಟೌನ್‌ಹಾಲಿನಲ್ಲಿ ಟಿಕೆಟ್ ಇಟ್ಟು ಆಡುವ ಪ್ರಸಂಗಕ್ಕೆ ಹೋಗಿ. ಭಾಗವತರ ಪದ ಕೇಳಿ, ಅರ್ಥಗಾರಿಕೆ ಕೇಳಿ, ಮನಸಾರೆ ಚಪ್ಪಾಳೆ ತಟ್ಟಿ. ಅದು ನಮ್ಮ ನೆಲದ ಕಲೆ, ನಮ್ಮ ಭಾಷೆಯ ಸಂಪತ್ತು. ಪಕ್ಕದ ಮನೆಯವರು ಹರಕೆಯ ಆಟಕ್ಕೆ ಕರೆದರೆ ಹೋಗಿ ಕೂತು ನೋಡಿ, ಅವರ ಸಂತೋಷದಲ್ಲಿ ಸೇರಿಕೊಳ್ಳಿ. ಚೌಕಿಯ ಪೂಜೆಯಲ್ಲಿ ಮಾತ್ರ ನಾನು ಕೈ ಮುಗಿದು ನಿಲ್ಲುವುದಿಲ್ಲ. ಅವರ ಭಕ್ತಿ ನಿಜವಾದದ್ದು. ನಂಬಿಕೆ ಇಲ್ಲದೆ ನಾನು ಅದರಲ್ಲಿ ನಿಂತರೆ ಅವರಿಗೂ ಮರ್ಯಾದೆ ಕೊಟ್ಟ ಹಾಗಲ್ಲ, ನನ್ನ ಕರ್ತನಿಗೂ ಅಲ್ಲ. ನಮ್ಮ ಸಭೆಯಲ್ಲೇ ಕೆಲವು ಹಿರಿಯರು ಇದನ್ನು ಒಪ್ಪುವುದಿಲ್ಲ, ಆಟದ ಬಳಿಯೇ ಸುಳಿಯಬಾರದು ಎನ್ನುತ್ತಾರೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪೌಲನ ಉತ್ತರ ಅದಕ್ಕಿಂತ ವಿಶಾಲ ಎಂದು ಮಾತ್ರ ಹೇಳುತ್ತೇನೆ.

ಇನ್ನು ಸರ್ಕಾರವೇ ಒಪ್ಪಿದೆಯಲ್ಲಾ, ಸೆನ್ಸಾರ್ ಆಗಿದೆಯಲ್ಲಾ ಎನ್ನುವವರಿಗೆ. 2024ರಿಂದ ನಮ್ಮ ಸಿನಿಮಾ ಸರ್ಟಿಫಿಕೇಟಿನಲ್ಲಿ ಯುಎ 7+, 13+, 16+ ಎಂಬ ವಿಂಗಡಣೆ ಬಂದಿದೆ. ಅಪ್ಪ ಅಮ್ಮಂದಿರಿಗೆ ಒಳ್ಳೆಯ ಸಹಾಯ, ಆದರೆ ಅದು ವಯಸ್ಸನ್ನಷ್ಟೇ ನೋಡುತ್ತದೆ. ನಿಮ್ಮ ಮಗನ ಮನಸ್ಸು ಎಲ್ಲಿ ಜಾರುತ್ತದೆ ಎಂದು ಅದಕ್ಕೇನು ಗೊತ್ತು?

ದುಡ್ಡು ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನೇ ನೋಡಿ. 2021ರಲ್ಲಿ ಕರ್ನಾಟಕ ಅಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಪಾಸು ಮಾಡಿತು. ಕಾನೂನು ಹೀಗೆ ಅತ್ತಿತ್ತ ತಿರುಗಿದಾಗೆಲ್ಲ ನಮ್ಮ ಮನಸ್ಸಾಕ್ಷಿಯೂ ತಿರುಗಬೇಕಾ? ಕಾನೂನಿನ ಅಡ್ಡಿಯಿಲ್ಲದೆ ಆಡಬಹುದಾಗಿದ್ದ ಆ ಅವಧಿಯಲ್ಲೂ ಸಂಬಳ ಬಂದ ವಾರದಲ್ಲೇ ಕಳೆದುಕೊಂಡವನ ಮನೆಯಲ್ಲಿ ಅಕ್ಕಿ ಡಬ್ಬಿ ಖಾಲಿಯೇ ಇತ್ತಲ್ಲ. "ಎಲ್ಲದಕ್ಕೂ ನನಗೆ ಸ್ವಾತಂತ್ರ್ಯ ಉಂಟು" ಎನ್ನುವವರಿಗೆ ಪೌಲನ ಉತ್ತರ ಎರಡು ತುಂಡು: ಎಲ್ಲವೂ ಹಿತವಲ್ಲ, ಮತ್ತು ನಾನು ಯಾವುದಕ್ಕೂ ಅಡಿಯಾಳಾಗುವುದಿಲ್ಲ. ಈ ಎರಡನೆಯದನ್ನು ನಮ್ಮ ಚರ್ಚಿನ ಬೋಧನೆಗಳಲ್ಲಿ ಕೇಳುವುದು ಕಡಿಮೆ. ನನಗೆ ಇದೇ ಜಾಸ್ತಿ ಮುಖ್ಯ. ಕೆಟ್ಟ ದೃಶ್ಯ ಒಂದೂ ಇಲ್ಲದ ಅಡುಗೆ ರೀಲ್ಸ್ ಕೂಡ ರಾತ್ರಿ ಒಂದು ಗಂಟೆಯ ತನಕ ಬಿಡದೆ ಕೂರಿಸಿಕೊಂಡರೆ ಅಲ್ಲಿ ಯಜಮಾನ ಯಾರು?

"ನನಗೇನೂ ಆಗಲ್ಲ ಬಿಡಿ, ನಾನು ಸುಮ್ನೆ ನೋಡ್ತೀನಿ" ಎನ್ನುವವರಿಗೆ ನಾನು ಅಲಿಪಿಯಸ್‌ನ ಕಥೆ ಹೇಳುತ್ತೇನೆ. ಅವನು ಸಂತ ಅಗಸ್ಟೀನನ ಗೆಳೆಯ, ಅಗಸ್ಟೀನನೇ ಇದನ್ನು ಬರೆದಿಟ್ಟಿದ್ದಾನೆ. ನಾಲ್ಕನೆಯ ಶತಮಾನದ ಮಾತು. ಕಾನೂನು ಓದಲು ರೋಮ್‌ಗೆ ಹೋಗಿದ್ದ ಅಲಿಪಿಯಸ್‌ಗೆ ಕತ್ತಿಮಲ್ಲರ ಕಾಳಗ ಅಂದರೆ ಆಗುತ್ತಿರಲಿಲ್ಲ. ಗೆಳೆಯರು ಬಲವಂತವಾಗಿ ಎಳೆದುಕೊಂಡು ಹೋದರು. ನನ್ನ ದೇಹವನ್ನು ಅಲ್ಲಿ ಕೂರಿಸಬಹುದು, ಮನಸ್ಸನ್ನಲ್ಲ ಎಂದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತ. ಕಿವಿ ಮುಚ್ಚಿಕೊಳ್ಳಲಿಲ್ಲ. ಕಾಳಗದಲ್ಲಿ ಒಬ್ಬ ಬಿದ್ದ, ಜನರೆಲ್ಲ ಒಟ್ಟಿಗೆ ಕಿರುಚಿದರು. ಏನಾಯಿತು ನೋಡೋಣ ಅಂತ ಕಣ್ಣು ತೆರೆದ. ಆಮೇಲೆ ಮುಚ್ಚಲಾಗಲಿಲ್ಲ. ನೋಡಿದ, ಕೂಗಿದ, ಮತ್ತೆ ಮತ್ತೆ ಬಂದ, ಬೇರೆಯವರನ್ನೂ ಎಳೆದು ತಂದ. ತನ್ನ ಗಟ್ಟಿತನದ ಮೇಲಿನ ನಂಬಿಕೆಯೇ ಅವನನ್ನು ಬೀಳಿಸಿತು ಎನ್ನುತ್ತಾನೆ ಅಗಸ್ಟೀನ. ಇದೇ ಅಲಿಪಿಯಸ್ ಮುಂದೆ ಉತ್ತರ ಆಫ್ರಿಕಾದ ತಗಾಸ್ತೆ ಊರಿನ ಬಿಷಪ್ ಆದ. ಬಿದ್ದವನು ಅಲ್ಲಿಯೇ ಉಳಿಯಲಿಲ್ಲ ಎಂಬುದನ್ನೂ ಹುಡುಗರಿಗೆ ತಪ್ಪದೆ ಹೇಳುತ್ತೇನೆ.

ಇಲ್ಲಿಯ ತನಕ ಹೇಳಿದ್ದು ನನ್ನ ಮನಸ್ಸಿನ ಲೆಕ್ಕ. ಪಕ್ಕದಲ್ಲಿ ಕೂತವರ ಲೆಕ್ಕವೂ ಇದೆ, ನಾವು ಮರೆಯುವುದು ಅದನ್ನೇ. ಕುಡಿತ ಬಿಟ್ಟು ಆರು ತಿಂಗಳಾಗಿರುವ ತಮ್ಮ ಮನೆಗೆ ಬಂದಿದ್ದಾನೆ ಅನ್ನಿ. ಹಾಡಿಗೊಮ್ಮೆ ಬಾಟಲಿ ಎತ್ತುವ ಹೀರೋ ಇರುವ ಸಿನಿಮಾ ನಿಮಗೆ ಬರೀ ತಮಾಷೆ ಆಗಿರಬಹುದು. ಅವನಿಗೆ ಹಾಗಲ್ಲ. ಅವತ್ತು ಬೇರೆ ಏನಾದರೂ ಹಾಕಿ. "ಅವನ ದೌರ್ಬಲ್ಯಕ್ಕೆ ನಾನ್ಯಾಕೆ ಬಿಡಬೇಕು?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಯಾಕೆಂದರೆ ಕ್ರಿಸ್ತನು ಅವನಿಗಾಗಿ ಪ್ರಾಣ ಕೊಟ್ಟಿದ್ದಾನೆ. ಆಹಾರ ನನ್ನ ಸಹೋದರನಿಗೆ ಅಡ್ಡಿಯಾದರೆ ಇನ್ನು ಮಾಂಸವನ್ನೇ ತಿನ್ನುವುದಿಲ್ಲ ಎಂದು ಪೌಲನು ಬರೆದದ್ದು ಮಾಂಸ ತಪ್ಪು ಅಂತ ಅಲ್ಲವಲ್ಲ.

ಕೊನೆಯದಾಗಿ, ಹೊಸದಾಗಿ ಮದುವೆಯಾದ ಹುಡುಗಿಯರು ಕೇಳುವ ಪ್ರಶ್ನೆ: "ಅತ್ತೆಮನೆಯಲ್ಲಿ ಸಿನಿಮಾನೇ ಪಾಪ ಅಂತಾರೆ. ಮುಚ್ಚಿಟ್ಟು ನೋಡಲಾ?" ಮುಚ್ಚಿಡಬೇಡಿ. ಅವರ ಮನೆಯ ಹಾಲಿನಲ್ಲಿ ಅವರೆದುರು ಹಾಕಿಕೊಂಡು ಕೂರಲೂ ಬೇಡಿ. ಕೇಳಿದರೆ "ಹೌದು ಅತ್ತೆ, ನೋಡ್ತೀನಿ" ಎಂದು ಸಮಾಧಾನವಾಗಿ ಹೇಳಿ, ಯಾವುದನ್ನು ನೋಡುವುದಿಲ್ಲ, ಯಾಕೆ ನೋಡುವುದಿಲ್ಲ ಎಂಬುದನ್ನೂ ಹೇಳಿ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂದು ರೋಮಾಪುರದವರಿಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಆಗುವುದಾದರೆ ಒಂದು ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಆ ಅಧ್ಯಾಯವನ್ನು ಅತ್ತೆಯ ಜೊತೆಗೇ ಕೂತು ಓದಿ.