ಸೊಸೆಯಂದಿರ ಹಲ್ಲು ಯಾಕೆ ಬೆಳ್ಳಗಿದೆ?

ಸೈನ್ಸ್ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಬಂದಾಗಿಂದ ಎಲ್ರೂ ಅವರ ಬಗ್ಗೆ ಬರೀತಾನೇ ಇದ್ದಾರೆ, ಆದ್ರೆ ಕ್ಲಾಸಲ್ಲಿ ಮಾಡಿದ ಪಾಠ ಯಾರೂ ಎತ್ತಿಲ್ಲ, ಎಲ್ಲಾ ಮಾತೂ ಆ ಹಲ್ಲಿನ ಪ್ರಾಜೆಕ್ಟ್ ಹತ್ರಾನೇ ಬಂದು ನಿಲ್ಲುತ್ತೆ.

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಅಂತ 1993ರಿಂದ ದೇಶದ ತುಂಬ ನಡೀತಾ ಬಂದಿದೆ, ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವರು ನಡೆಸೋರು. 10ರಿಂದ 17 ವರ್ಷದ ಮಕ್ಕಳು ಊರಿನದೇ ಒಂದು ಸಮಸ್ಯೆ ಹಿಡ್ಕೊಂಡು ತಾವೇ ಅಧ್ಯಯನ ಮಾಡಬೇಕು, ಕನ್ನಡದಲ್ಲೇ ಬರೀಬಹುದು. ಒಂಬತ್ತನೇ ಕ್ಲಾಸಲ್ಲಿದ್ದ ನಾವು ಐದು ಜನ ಜಂಬದಿಂದ ಹೋಗಿ ‘ನೀರಿನ ಮಾಲಿನ್ಯ’ ಅಂದ್ವಿ. ಮೇಷ್ಟ್ರು "ಅದು ಪ್ರಬಂಧದ ಹೆಡ್ಡಿಂಗು ಕಣ್ರೋ, ನಿಮ್ ಪ್ರಶ್ನೆ ಏನು?" ಅಂದ್ರು. ಒಂದು ವಾರ ಬೇಕಾಯ್ತು ಪ್ರಶ್ನೆ ಹುಟ್ಟೋಕೆ. ಕೊನೆಗೆ ಕೆಳಗಿನ ಕೇರಿ ಹುಡುಗರ ಹಲ್ಲು ಕಂದು, ಮೇಲಿನ ಕೇರಿಯವರದ್ದು ಅಷ್ಟಿಲ್ಲ, ಯಾಕೆ ಅಂತ ಕೇಳಿದ್ವಿ, ಆಗ ಅವರ ಮುಖ ಅರಳಿತು.

ನಮ್ಮ ಪಾವಗಡ ಕಡೆ ಬೋರ್‌ವೆಲ್ ನೀರಲ್ಲಿ ಹಲ್ಲಿಗೆ ಕಂದು ಕಲೆ ತರೋ ಫ್ಲೋರೈಡ್ ಅನ್ನೋ ಲವಣ ಇರೋದು ಈಗ ಎಲ್ಲರಿಗೂ ಗೊತ್ತು. ಗ್ರಾನೈಟ್ ಬಂಡೆ ಒಳಗೆ ನೀರು ಎಷ್ಟು ವರ್ಷ ನಿಂತಿರುತ್ತೋ ಅಷ್ಟು ಫ್ಲೋರೈಡ್ ಕರಗುತ್ತೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಲಾಯಕ್ಕಲ್ಲ. ಇದೆಲ್ಲ ಅವರಿಗೆ ಆಗಲೇ ಗೊತ್ತಿತ್ತು, ಈಗ ಯೋಚಿಸಿದ್ರೆ ಪೂರ್ತಿ ಗೊತ್ತಿತ್ತು. ಒಂದು ಮಾತೂ ಹೇಳಲಿಲ್ಲ. ನೋಟ್ ಬುಕ್ಕಲ್ಲಿ ಪೆನ್ನಲ್ಲೇ ಬರೀಬೇಕು, ತಪ್ಪಾದ್ರೆ ಒಂದೇ ಗೆರೆ ಹೊಡೀಬೇಕು, ಕೆಳಗೆ ಬರೆದಿದ್ದು ಓದೋಕೆ ಬರಬೇಕು, ಇಷ್ಟೇ ಅವರ ರೂಲ್ಸು.

ಮೇಷ್ಟ್ರು ಹೆಂಗೋ ಒಂದು ಟೆಸ್ಟ್ ಕಿಟ್ ಹೊಂದಿಸಿ ತಂದಿದ್ರು, ಫ್ಲೋರೈಡ್ ಹೆಚ್ಚಿದ್ರೆ ಗುಲಾಬಿ ಬಣ್ಣ ಹೋಗಿ ಹಳದಿ ಆಗೋದು. ನಮ್ಮಲ್ಲೊಬ್ಬ ಬಿಸಿಲಲ್ಲಿ ಯಾರು ಅಲೀತಾರೆ ಅಂತ ಮನೆ ಪಕ್ಕದ ಬೋರಲ್ಲೇ ಎಲ್ಲಾ ಬಾಟಲಿ ತುಂಬಿಸಿ ಬೇರೆ ಬೇರೆ ಹೆಸರು ಅಂಟಿಸಿ ತಂದುಬಿಟ್ಟ. ಒಂದಾದ ಮೇಲೊಂದು ಹಳದಿ, ಬಂಡೆ ಆಳಕ್ಕಿಳಿಯದ, ಫ್ಲೋರೈಡ್ ಕಮ್ಮಿ ಇರಬೇಕಾದ ಗುಡಿ ಹಿಂದಿನ ತೆರೆದ ಬಾವಿ ನೀರೂ ಹಳದಿ! "ಏನಪ್ಪಾ, ಬಾವಿ ಒಳಗೂ ಬೋರ್ ಕೊರ್ಸಿದ್ದಾರಾ?" ಅಂದ ಮೇಷ್ಟ್ರು ಹೊಡೀಲಿಲ್ಲ ಬೈಲಿಲ್ಲ, ಭಾನುವಾರ ಅವನನ್ನ ಸೈಕಲ್ ಹಿಂದೆ ಕೂರಿಸ್ಕೊಂಡು ಎಲ್ಲಾ ಕಡೆ ಸುತ್ತಿಸಿ ನೀರು ತುಂಬಿಸಿಕೊಂಡು ಬಂದ್ರು.

ಆಮೇಲೆ ಬಂತು ನೋಡಿ ಅಸಲಿ ವಿಷಯ. ಮನೆ ಮನೆ ಸುತ್ತಿ ಬಂದ ನಮ್ಮ ತಂಡದ ಹುಡುಗಿ "ಸಾರ್, ಅದೇ ನೀರು ಕುಡಿಯೋ ಸೊಸೆಯಂದಿರ ಹಲ್ಲು ಬೆಳ್ಳಗಿದೆ, ನಮ್ಮ ಲೆಕ್ಕ ತಪ್ಪಾಯ್ತು" ಅಂತ ಅಳೋ ಥರ ಆಗಿಬಿಟ್ಲು. ಆ ಮನೆಗಳನ್ನ ಬಿಟ್ಟುಬಿಡೋಣ ಅಂತ ಉಳಿದೋರು. ಮೇಷ್ಟ್ರು "ಬಿಡೋ ಹಂಗಿಲ್ಲ, ಅವರು ಹುಟ್ಟಿದ್ದು ಎಲ್ಲಿ ಕೇಳ್ಕೊಂಡ್ ಬನ್ನಿ" ಅಂತ ಮತ್ತೆ ಅಟ್ಟಿದ್ರು. ಬೇರೆ ಊರಲ್ಲಿ ಬೆಳೆದು ಮದುವೆಯಾಗಿ ಬಂದೋರು. ಹಲ್ಲಿನ ಎನಾಮಲ್, ಅಂದ್ರೆ ಮೇಲಿನ ಗಟ್ಟಿ ಪದರ, ಕೂಡೋದು ಹೆಚ್ಚುಕಮ್ಮಿ 8 ವರ್ಷದೊಳಗೆ, ಕಲೆ ಬೀಳೋದೂ ಆಗಲೇ, ಆಮೇಲೆ ಕುಡಿದ್ರೆ ಕೀಲು ಮೂಳೆ ಹಾಳಾಗುತ್ತೆ, ಹಲ್ಲಿಗೆ ಕಲೆ ಬರಲ್ಲ. ಇದನ್ನ ನಾವೇ ಹುಡುಕಿದ್ವಿ ಅಂತ ಕುಣಿದಾಡಿದ ಆ ಸಂಜೆಯ ಖುಷಿ ಆಮೇಲೆ ನಂಗೆ ಯಾವ ಡಿಗ್ರಿಯಲ್ಲೂ ಸಿಕ್ಕಿಲ್ಲ.

ನಾನೀಗ ನೀರಿನ ಲ್ಯಾಬಲ್ಲಿ ಸೀನಿಯರ್. ನನ್ನ ರಿಪೋರ್ಟಿಗೆ ಬೆಲೆ ಇದೆ ಅಂತ ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಲೆಕ್ಕಕ್ಕೆ ಹೊಂದದ ಸ್ಯಾಂಪಲ್ ನಾನು ಇವತ್ತಿಗೂ ಎಸೆಯಲ್ಲ. ನನ್ನ ಕೈಕೆಳಗೆ ಬರೋ ಎಂಎಸ್ಸಿ ಹುಡುಗರಿಗೆ ಮೊದಲು ಕಲಿಸೋದೂ ಅದನ್ನೇ. ನನ್ನ ಮಗನ ಸ್ಕೂಲಲ್ಲಿ ಪ್ರಾಜೆಕ್ಟ್ ಅಂದ್ರೆ ಥರ್ಮಾಕೋಲ್ ಜ್ವಾಲಾಮುಖಿ, ಅಂಗಡೀಲಿ ರೆಡಿ ಸಿಗುತ್ತೆ, ಅದಕ್ಕೆ ಮಾರ್ಕ್ಸೂ ಬೀಳುತ್ತೆ. ಹೊಟ್ಟೆ ಉರಿಯುತ್ತೆ. ಮಕ್ಕಳಿಗೆ ಕೈ ಕೊಳೆ ಮಾಡ್ಕೊಂಡು ಊರು ಸುತ್ತೋಕೆ ಟೈಮೇ ಕೊಡಲ್ವಲ್ಲ.

ಮೇಷ್ಟ್ರ ನೆನಪಿಗೆ ಶಾಲೆಗೆ ಕಮಾನು ಕಟ್ಟಿಸೋಣ ಅಂತ ಗ್ರೂಪಲ್ಲಿ ಮಾತು ನಡೀತಿದೆ. ಕಮಾನು ಬೇಡ್ರಪ್ಪಾ. ಆ ದುಡ್ಡಲ್ಲಿ ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಟೆಸ್ಟ್ ಕಿಟ್ಟು, ನೋಟ್ ಬುಕ್ಕು ಕೊಡಿಸೋಣ, ಗೈಡ್ ಮಾಡೋಕೆ ರಜೆ ಹಾಕಿ ನಾನೇ ಬರ್ತೀನಿ.