ಕಬ್ಬನ್ ಪಾರ್ಕಿನಲ್ಲಿ ಕೇಳಿದ ಕಡಲು

ಕುಮಟಾದಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದು ಕಣ್ಣಿನ ಪೊರೆ ತೋರಿಸಲು. ಮೂರು ದಿನ ಇದ್ದೆ. ಮೊದಲ ದಿನ ಮಲ್ಲೇಶ್ವರದಲ್ಲಿ ಒಳ್ಳೆಯ ಮಸಾಲೆ ದೋಸೆ ತಿಂದೆ, ಮೂರನೆಯ ದಿನ ಇಪ್ಪತ್ತು ಸೀರೆ ಬಿಡಿಸಿಸಿ ಒಂದನ್ನೂ ಕೊಳ್ಳದೆ ಎದ್ದು ಬಂದೆ. ಬರೆಯಬೇಕೆನ್ನಿಸಿದ್ದು ನಡುವಿನ ಒಂದು ಮಧ್ಯಾಹ್ನದ ಬಗ್ಗೆ. ಆ ಮಧ್ಯಾಹ್ನ ನನಗೆ ಕಣ್ಣೇ ಕಾಣುತ್ತಿರಲಿಲ್ಲ.

ಎಂಟಕ್ಕೆ ಬನ್ನಿ ಎಂದ ಆಸ್ಪತ್ರೆಯವರು ಒಳಗೆ ಕರೆದಿದ್ದು ಹನ್ನೆರಡೂವರೆಗೆ. ಪಾಪೆ ಹಿಗ್ಗಿಸುವ ಹನಿಯನ್ನು ಮಾತ್ರ ಒಂಬತ್ತಕ್ಕೇ ಹಾಕಿದ್ದರು. ತಡವಾಯಿತೆಂದು ಮತ್ತೊಮ್ಮೆ ಹಾಕಿದರು. ಅದಾದ ಮೇಲೆ ನಾಲ್ಕೈದು ತಾಸು ಎಲ್ಲವೂ ಮಂಜು ಎಂದು ಒಬ್ಬರೂ ಬಾಯಿಬಿಡಲಿಲ್ಲ. ಹೋಗುವವರು ಕಪ್ಪು ಕನ್ನಡಕ ಮರೆಯಬೇಡಿ, ಜೊತೆಗೊಬ್ಬರು ಇರಲಿ, ಹಳೆಯ ಚೀಟಿಗಳ ಜೆರಾಕ್ಸ್ ಮಾತ್ರ ಕೊಡಿ. ನನ್ನ ಮೂಲ ಚೀಟಿ ಅವರ ಕೌಂಟರಿನಲ್ಲೇ ಎಲ್ಲೋ ಸೇರಿಹೋಯಿತು, ಇನ್ನೂ ಸಿಕ್ಕಿಲ್ಲ.

ಅಣ್ಣನ ಮಗಳು ಸಹನಾ ಬಂದು ಕೈಹಿಡಿದು ಕಬ್ಬನ್ ಪಾರ್ಕಿಗೆ ಕರೆದೊಯ್ದಳು. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ನನ್ನ ಪಾಲಿಗೆ ಹಸಿರಿನ ಮೇಲೆ ಚೆಲ್ಲಿದ ಕುಂಕುಮವಷ್ಟೇ. ಬಿದಿರು ಮೆಳೆಯ ಹತ್ತಿರ ಬೆಂಚಿನಲ್ಲಿ ಕುಳಿತೆವು. ಇವಳು ಎರಡು ವರ್ಷ ಕೆನಡಾದ ಪಶ್ಚಿಮ ತೀರದಲ್ಲಿ ಓರ್ಕಾಗಳ ಬೇಟೆಯ ಬಗ್ಗೆ ಓದಿ ಬಂದವಳು. ಕಿಲ್ಲರ್ ವೇಲ್ ಎನ್ನುತ್ತಾರಲ್ಲ, ಅದೇ. ಹೆಸರಿಗೆ ತಿಮಿಂಗಿಲ, ಜಾತಿಯಲ್ಲಿ ಡಾಲ್ಫಿನ್. ಮೀನಿನ ವಿಷಯ ಓದಲು ಕುಮಟಾ ಬಿಟ್ಟು ಕೆನಡಾಕ್ಕೆ ಹೋಗಬೇಕೇ ಎಂದು ಹಂಗಿಸಿದವರಲ್ಲಿ ನಾನೂ ಒಬ್ಬಳು.

"ಅತ್ತೆ, ಹೇಗೂ ಕಾಣುತ್ತಿಲ್ಲ, ಇದನ್ನು ಕೇಳಿ" ಎಂದು ಇಯರ್‌ಫೋನನ್ನು ನನ್ನ ಕಿವಿಗಿಟ್ಟಳು. ಓರ್ಕಾದ ಬೆನ್ನಿಗೆ ರಬ್ಬರಿನ ಬಟ್ಟಲುಗಳಿಂದ ಅಂಟಿಸಿದ ಪುಟ್ಟ ಯಂತ್ರ ಹಿಡಿದ ಸದ್ದಂತೆ. ಕೆಲವು ತಾಸಾದ ಮೇಲೆ ಯಂತ್ರ ತಾನಾಗಿ ಕಳಚಿ ತೇಲುತ್ತದೆ.

ಮೊದಲು ನೀರಿನ ಮೊರೆತ. ಆಮೇಲೆ ಟಿಕ್, ಟಿಕ್, ಗ್ಯಾಸ್ ಒಲೆಗೆ ಲೈಟರ್ ಒತ್ತಿದ ಹಾಗೆ. ನಿಧಾನವಾಗಿ ಅದು ಹೊಲಿಗೆ ಯಂತ್ರದ ಓಟವಾಯಿತು, ಬರಬರುತ್ತ ಟಿಕ್‌ಗಳೆಲ್ಲ ಕೂಡಿಕೊಂಡು ಜೀರುಂಡೆಯ ಒಂದೇ ಎಳೆಯಾಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕರಕ್ ಎಂದಿತು, ಎಳೆಸೌತೆ ಕಚ್ಚಿದ ಹಾಗೆ.

"ಸಿಕ್ಕಿತು" ಎಂದಳು ಸಹನಾ.

ನನ್ನ ಕೈಯ ರೋಮ ಎದ್ದಿತ್ತು. ನೂರು ಮೀಟರಿಗೂ ಕೆಳಗೆ, ಬೆಳಕಿಲ್ಲದಲ್ಲಿ, ತನ್ನದೇ ಸದ್ದಿನ ಮಾರುದನಿಯಿಂದ ಮೀನು ಹುಡುಕುವ ಪ್ರಾಣಿ. ಸಾಲ್ಮನ್ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಆ ಸದ್ದನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಅದರಲ್ಲೂ ಸಹನಾ ಓದಿದ ಓರ್ಕಾಗಳಿಗೆ ಚಿನೂಕ್ ಎಂಬ ಸಾಲ್ಮನ್ನೇ ಬೇಕು. ಬೇಸಿಗೆಯಲ್ಲಿ ಸಾಕ್‌ಐ ಸಾಲ್ಮನ್ ಹಿಂಡುಹಿಂಡಾಗಿ ಎದುರಿಗೇ ಹಾದುಹೋದರೂ ಬಿಟ್ಟು ಚಿನೂಕ್ ಹುಡುಕುತ್ತವೆ. ಅದು ದೊಡ್ಡದು, ಕೊಬ್ಬು ಹೆಚ್ಚು, ವರ್ಷವಿಡೀ ಸಿಗುತ್ತದೆ. ತಾರ್ಲೆಯ ರಾಶಿ ದಾಟಿ ಇಸ್ವಾಣದ ಬುಟ್ಟಿ ಹುಡುಕುತ್ತಿದ್ದ ಅಮ್ಮನ ನೆನಪಾಯಿತು.

"ಇಷ್ಟು ಸದ್ದು ಮಾಡಿದರೆ ಮೀನು ಓಡಿಹೋಗುವುದಿಲ್ಲವೇ?"

"ಸಾಲ್ಮನ್‌ಗೆ ಆ ಸದ್ದು ಕೇಳಿಸುವುದಿಲ್ಲ ಅತ್ತೆ. ಸೀಲ್‌ಗೆ ಕೇಳಿಸುತ್ತದೆ. ಅದಕ್ಕೇ ಸೀಲ್ ತಿನ್ನುವ ಓರ್ಕಾಗಳು ಬೇಟೆಗೆ ಹೊರಟರೆ ತುಟಿ ಬಿಚ್ಚುವುದಿಲ್ಲ."

ಈ ಸೀಲ್ ತಿನ್ನುವವು ಬೇರೆಯೇ ಬಳಗ. ಅದೇ ನೀರಿನಲ್ಲಿ ಓಡಾಡುತ್ತವೆ, ಮೀನನ್ನು ಮೂಸುವುದಿಲ್ಲ, ಮೀನು ತಿನ್ನುವವರೊಂದಿಗೆ ಹೆಣ್ಣು ಕೊಟ್ಟು ತರುವ ಸಂಬಂಧವೂ ಇಲ್ಲ. ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ 1970ರ ದಶಕದಲ್ಲಿ ಬೆನ್ನಿನ ರೆಕ್ಕೆ ಮತ್ತು ಅದರ ಹಿಂದಿನ ಬೂದು ಮಚ್ಚೆಯ ಫೋಟೋ ತೆಗೆದು ಒಂದೊಂದನ್ನೂ ಗುರುತಿಟ್ಟ ಮೇಲೆ ಇದೆಲ್ಲ ಬಯಲಿಗೆ ಬಂತಂತೆ. ಇನ್ನು ನಾರ್ವೆಯವು ಹೆರಿಂಗ್ ಮೀನಿನ ಹಿಂಡನ್ನು ಸುತ್ತುವರಿದು, ಹೊಟ್ಟೆಯ ಬಿಳುಪು ತೋರಿಸಿ ಬೆದರಿಸಿ, ಚೆಂಡಿನಂತೆ ಒತ್ತಿ, ಬಾಲದಿಂದ ಬಡಿದು ಒಂದೊಂದಾಗಿ ತಿನ್ನುತ್ತವೆ.

"ರಂಪಣಿ!" ಎಂದೆ. ಊರಿನ ಗಂಡಸರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ಆ ಮಹಾಬಲೆಯನ್ನು ಸಹನಾ ಕಂಡವಳಲ್ಲ. ಪಾಲು ಹಂಚುತ್ತಿದ್ದ ಬಗೆಯನ್ನು ಹೇಳಿದೆ. ಓರ್ಕಾಗಳೂ ಹಂಚುತ್ತವೆಯಂತೆ. ಹಿಡಿದ ಸಾಲ್ಮನ್ ಅನ್ನು ಸೀಳಿ ಮಗ್ಗುಲಿನವರಿಗೆ ಕೊಡುತ್ತವೆ. ತಾಯಂದಿರು ಬೆಳೆದ ಗಂಡುಮಕ್ಕಳಿಗೂ ಕೊಡುತ್ತಾರೆ. (ಅವಳ ತಮ್ಮನ ಹೆಸರನ್ನು ಇಬ್ಬರೂ ಒಟ್ಟಿಗೇ ಹೇಳಿ ನಕ್ಕೆವು.) ಮೀನು ಕಡಿಮೆಯಾದ ವರ್ಷ ಮುಂದೆ ನಿಂತು ದಾರಿ ತೋರಿಸುವವರು ಮುಟ್ಟು ನಿಂತ ಅಜ್ಜಿಯರು. ಎಲ್ಲಿ, ಯಾವಾಗ ಮೀನು ಬರುತ್ತದೆ ಎಂಬುದು ಅವರಿಗೇ ಗೊತ್ತು.

ಎರಡನೆಯ ತುಣುಕನ್ನು ಕೇಳಿಸುವ ಮೊದಲು ಅವಳು ಸ್ವಲ್ಪ ಸುಮ್ಮನಿದ್ದಳು. ಅದರಲ್ಲಿಯೂ ಟಿಕ್ ಟಿಕ್ ಇತ್ತು. ದೂರದಿಂದ ಬೋಟಿನ ಗುರುಗುರು ಬಂದು, ಬೆಳೆದು, ಎಲ್ಲವನ್ನೂ ಮುಚ್ಚಿತು. ಕರಕ್ ಬರುತ್ತದೆಂದು ಕಾದೆ. ಬರಲಿಲ್ಲ. ಬೋಟು ಹತ್ತಿರವಾದರೆ ಹೆಣ್ಣುಗಳು ಬೇಟೆಯನ್ನೇ ಬಿಡುವುದುಂಟಂತೆ. ಅವಳು ಓದಿದ, ಆ ತೀರದ ದಕ್ಷಿಣ ಭಾಗದ ಮೀನು ತಿನ್ನುವ ಬಳಗದಲ್ಲಿ ಉಳಿದಿರುವುದು 80ಕ್ಕಿಂತ ಕಡಿಮೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2025ರಿಂದ ಬೋಟುಗಳು ಇವುಗಳಿಂದ ಸುಮಾರು 900 ಮೀಟರ್ ದೂರವಿರಬೇಕು.

ಇಯರ್‌ಫೋನ್ ತೆಗೆದಾಗ ಕಸ್ತೂರಬಾ ರಸ್ತೆಯ ಹಾರ್ನುಗಳೆಲ್ಲ ಒಟ್ಟಿಗೆ ನುಗ್ಗಿದವು. ಸಹನಾ ಏನೋ ಕೇಳಿದಳು, ನನಗೆ ಕೇಳಿಸಲಿಲ್ಲ. ಐದು ಗಂಟೆಯ ಹೊತ್ತಿಗೆ ಕೆಂಪು ಕಟ್ಟಡಕ್ಕೆ ಒಂದೊಂದಾಗಿ ಕಿಟಕಿಗಳು ಮೂಡತೊಡಗಿದವು.

ರಾತ್ರಿ ಅವಳು ಕರಾವಳಿ ಊಟದ ಹೋಟೆಲಿಗೆ ಕರೆದೊಯ್ದಳು. ಐಸಿನಲ್ಲಿ ವಾರ ಕಳೆದಂತಿದ್ದ ಬಂಗಡೆ, ಅದನ್ನು ಮುಚ್ಚಲು ಮೇಲೆ ಕೈತುಂಬ ಮಸಾಲೆ. ಒಂದು ಚೂರು ತಿಂದು ಉಳಿದದ್ದನ್ನು ಅವಳ ತಟ್ಟೆಗೆ ಹಾಕಿದೆ.

"ನೋಡಿ ಅತ್ತೆ, ನೀವೂ ಹಂಚುತ್ತೀರಿ" ಎಂದಳು.

"ಹಂಚಿದ್ದಲ್ಲ, ಇದು ಚಿನೂಕ್ ಅಲ್ಲ" ಎಂದೆ.