ಅಮ್ಮನ ಸೀಟಿಗೆ ಪಕ್ಕದ ಆಸರೆ

ಶಿವಮೊಗ್ಗದಿಂದ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಮುಗಿಯುವವರೆಗೂ ಅಮ್ಮ ಕಿಟಕಿಯ ಮೇಲಿನ ಹಿಡಿಕೆಯನ್ನು ಬಿಡುತ್ತಿರಲಿಲ್ಲ. ಸೋಮೇಶ್ವರ ಬರುವಷ್ಟರಲ್ಲಿ ಅವರ ಎಡಭುಜ ನೋಯತೊಡಗುತ್ತಿತ್ತು. ನಮ್ಮ ಹಳೆಯ ಸಣ್ಣ ಕಾರಿನ ಮುಂದಿನ ಸೀಟು ಮಣೆಯಂತೆ ಚಪ್ಪಟೆಯಾಗಿದ್ದು, ಮೈ ಪಕ್ಕಕ್ಕೆ ವಾಲದಂತೆ ತಡೆಯಬೇಕಾದ ಇಕ್ಕೆಲದ ಉಬ್ಬುಗಳು, ಅಂದರೆ ಬೋಲ್ಸ್ಟರ್‌ಗಳು, ಹೆಸರಿಗಷ್ಟೇ ಇದ್ದವು. 12 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೂ 60 ಕೆ.ಜಿ. ತೂಕದವರನ್ನು ಸುಮಾರು 16 ಕೆ.ಜಿ. ಭಾರದಷ್ಟು ಬಲ ಪಕ್ಕಕ್ಕೆ ತಳ್ಳುತ್ತದೆ. ಆ ಬಲವನ್ನೆಲ್ಲ ಅಮ್ಮ ಒಂದು ಕೈಯಿಂದ ತಡೆದುಕೊಳ್ಳುತ್ತಿದ್ದರು ಎಂಬುದು ಲೆಕ್ಕ ಹಾಕಿದಾಗ ತಿಳಿದು ಬಹಳ ಬೇಸರವಾಯಿತು. ಆ ಸೀಟಿಗೆ ನಾನೇ ಬೋಲ್ಸ್ಟರ್ ಕಟ್ಟಬೇಕೆಂದು ನಿರ್ಧರಿಸಿದೆ.

ಮೊದಲಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸೀಟಿನೊಳಗೆ ಸೈಡ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಬೆನ್ನಾಸರೆಯ ಬಾಗಿಲ ಕಡೆಯ ಬೋಲ್ಸ್ಟರ್‌ನಲ್ಲಿಯೇ ಅಡಗಿರುತ್ತದೆ ಮತ್ತು ಕವರಿನ ಹೊಲಿಗೆಯನ್ನು ಬಿರಿದುಕೊಂಡು ಹೊರಬರುತ್ತದೆ. ಅಂಥ ಸೀಟನ್ನು ಮನೆಯಲ್ಲಿ ಬಿಚ್ಚಲೇಬಾರದು. ನಮ್ಮ ಕಾರಿನಲ್ಲಿ ಅದಿಲ್ಲವೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ನಾನು ಕೈ ಹಾಕಿದೆ.

ಅಮ್ಮನನ್ನು ಸೀಟಿನಲ್ಲಿ ಕೂರಿಸಿ, ಕಂಕುಳಿನಿಂದ ನಾಲ್ಕು ಬೆರಳು ಕೆಳಗೆ ಪಕ್ಕೆಲುಬಿಗೆ ತಾಗುವಂತೆ ರಟ್ಟನ್ನು ಹಿಡಿದು ಅಳತೆ ಗುರುತಿಸಿದೆ. ತಿರುವಿನಲ್ಲಿ ಮೈಯ ಮೇಲ್ಭಾಗವನ್ನು ತಡೆಯುವುದು ಈ ಜಾಗವೇ. ತೊಡೆಯ ಪಕ್ಕದ ಬೋಲ್ಸ್ಟರ್ ವಿಷಯ ಬೇರೆ. ಸ್ಪರ್ಧೆಯ ಕಾರುಗಳಲ್ಲಿರುವಂತೆ ಅದನ್ನು ಎತ್ತರವಾಗಿ ಕಟ್ಟಿದರೆ, ಮಂಡಿನೋವಿರುವವರು ಇಳಿಯುವಾಗ ತಮ್ಮ ಇಡೀ ಭಾರವನ್ನು ಅದರ ಮೇಲೆ ಎತ್ತಿ ದಾಟಿಸಬೇಕಾಗುತ್ತದೆ. ಆದ್ದರಿಂದ ಅದನ್ನು ಸೊಂಟದ ಬಳಿ ಮೂರು ಸೆಂಟಿಮೀಟರಿಗೆ ನಿಲ್ಲಿಸಿ, ಮುಂದಕ್ಕೆ ಬಂದಂತೆ ಇಳಿಜಾರಾಗಿಸಿ, ಮಂಡಿಯ ಬಳಿ ಪೂರ್ತಿ ಸಮತಟ್ಟಾಗಿಸಿದೆ.

ಮೊದಲ ಪ್ರಯತ್ನ ಕೆಟ್ಟಿತು. ಅಂಗಡಿಯಲ್ಲಿ ಸಿಕ್ಕ 32 ಡೆನ್ಸಿಟಿಯ ಫೋಮನ್ನೇ ಮೂರು ಪದರ ಅಂಟಿಸಿ ಕೆತ್ತಿದ್ದೆ. ನೋಡಲು ಚೆನ್ನಾಗಿದ್ದ ಆ ಉಬ್ಬು, ಅಮ್ಮ ಒರಗಿದೊಡನೆ ಹೊರಕ್ಕೆ ಮಡಚಿಕೊಂಡಿತು. ಡೆನ್ಸಿಟಿ 32 ಎಂದರೆ ಒಂದು ಘನ ಮೀಟರ್ ಫೋಮ್ 32 ಕೆ.ಜಿ. ತೂಗುತ್ತದೆ ಎಂದಷ್ಟೇ ಅರ್ಥ. ಫೋಮ್ ಎಷ್ಟು ಗಟ್ಟಿ ಎಂಬುದು ಬೇರೆಯೇ ಗುಣವಾಗಿದ್ದು, ಒಂದೇ ಡೆನ್ಸಿಟಿಯಲ್ಲಿ ಮೆತ್ತನೆಯದೂ ಗಡುಸಾದುದೂ ಸಿಗುತ್ತವೆ. ಅಲ್ಲದೆ, ಕಾರ್ಖಾನೆಯ ಸೀಟಿನಲ್ಲಿ ಬೋಲ್ಸ್ಟರ್‌ನ ಬೆನ್ನಿಗೆ ಉಕ್ಕಿನ ಚೌಕಟ್ಟಿನ ಅಥವಾ ತಂತಿಯ ಆಧಾರವಿರುತ್ತದೆ. ಬೆನ್ನಿಗೆ ಏನೂ ಇಲ್ಲದ ಫೋಮ್ ಎಷ್ಟು ದಪ್ಪವಿದ್ದರೂ ನಿಲ್ಲುವುದಿಲ್ಲ.

ಎರಡನೆಯ ಸಲ ಒಳತಿರುಳಿಗೆ ರೀಬಾಂಡೆಡ್ ಫೋಮ್ ಬಳಸಿದೆ. ಫೋಮಿನ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡುವ ಈ ಬಣ್ಣಬಣ್ಣದ ಹಾಳೆ ಬಹಳ ಗಡುಸು. ಅದನ್ನು ಚೌಕಟ್ಟಿಗೆ ಕೂರುವಂತೆ ಕೊಯ್ದು, ಮೇಲೆ 40 ಡೆನ್ಸಿಟಿಯ ಗಡುಸು ಪದರವನ್ನೂ, ಮೈಗೆ ತಾಗುವಲ್ಲಿ 10 ಮಿ.ಮೀ. ಮೆತ್ತನೆಯ ಪದರವನ್ನೂ ಹಾಕಿದೆ. ಅಂಟನ್ನು ಎರಡೂ ಮುಖಗಳಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಜಿಗುಟಾಗಿ ತಾಗಿದರೂ ಹತ್ತಿಕೊಳ್ಳದಷ್ಟು ಆರಿದ ಮೇಲೆ ಒತ್ತಬೇಕು. ಒಣಗಿದ ಅಂಟು ಗಟ್ಟಿಯಾದ ಗೆರೆಯಾಗಿ ಉಳಿಯುತ್ತದೆಯಾದ್ದರಿಂದ, ನಂತರ ಕೆತ್ತಿ ತೆಗೆಯಬೇಕಾದ ಅಂಚಿನಿಂದ ಎರಡು ಬೆರಳು ದೂರದಲ್ಲೇ ಅಂಟನ್ನು ನಿಲ್ಲಿಸುವುದು ಮೇಲು.

ಕೆತ್ತುವ ಕೆಲಸವೇ ನನಗೆ ಅತ್ಯಂತ ಪ್ರಿಯವಾದದ್ದು. ಬ್ರೆಡ್ ಕೊಯ್ಯುವ ಉದ್ದನೆಯ ಹಲ್ಲಿನ ಚಾಕುವಿನಿಂದ ಒರಟು ಆಕಾರ ತೆಗೆದು, ಆಮೇಲೆ ಗ್ರೈಂಡರಿಗೆ 40 ಗ್ರಿಟ್ಟಿನ ಉಜ್ಜುಹಾಳೆಯ ಚಕ್ರ ಹಾಕಿ, ಒತ್ತದೆ, ಬರೀ ಸವರುತ್ತ ಹೋದರೆ ಫೋಮ್ ಬೆಣ್ಣೆಯಂತೆ ದುಂಡಾಗುತ್ತದೆ. ಆಗಾಗ ಕಣ್ಣು ಮುಚ್ಚಿ ಅಂಗೈಯಿಂದ ಸವರಬೇಕು. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ. ದೂಳು ಬಹಳ ಏಳುವುದರಿಂದ ಮಾಸ್ಕ್ ಅಗತ್ಯ. ಕಾದ ತಂತಿಯಿಂದ ಥರ್ಮೋಕೋಲ್ ಕೊಯ್ಯುವಂತೆ ಇದನ್ನು ಕೊಯ್ಯಬಾರದು, ಏಕೆಂದರೆ ಈ ಫೋಮಿನ ಮೂಲವಸ್ತುವಾದ ಪಾಲಿಯುರೆಥೇನ್ ಸುಟ್ಟಾಗ ಹೊಮ್ಮುವ ಹೊಗೆ ವಿಷಕಾರಿ.

ಕವರನ್ನು ನಮ್ಮೂರಿನ ಸೀಟ್ ಕೆಲಸದ ಹಿರಿಯರೊಬ್ಬರ ಬಳಿ ಹೊಲಿಸಿದೆ. ಫೋಮಿಗಿಂತ ಕವರ್ ಐದಾರು ಮಿ.ಮೀ. ಚಿಕ್ಕದಿರಬೇಕು, ಇಲ್ಲದಿದ್ದರೆ ವರ್ಷದೊಳಗೆ ಸುಕ್ಕು ಬೀಳುತ್ತದೆ ಎಂದು ಅವರು ಹೇಳಿದರು. ನಾನು ಅರಿಯದೇ ಇದ್ದ ಇನ್ನೊಂದು ಸಂಗತಿಯನ್ನೂ ತೋರಿಸಿದರು. ಬೋಲ್ಸ್ಟರ್ ಮತ್ತು ನಡುವಿನ ಭಾಗ ಕೂಡುವ ಕಣಿವೆಯಲ್ಲಿ ಬಿಗಿಯಾದ ಬಟ್ಟೆ ತಳಕ್ಕೆ ಇಳಿಯದೆ ಡೇರೆಯಂತೆ ಎಳೆದು ನಿಲ್ಲುತ್ತದೆ. ಎಷ್ಟು ಶ್ರದ್ಧೆಯಿಂದ ಕೆತ್ತಿದ್ದರೂ ಆಗ ಆ ಆಕಾರ ಬಟ್ಟೆಯಡಿಯಲ್ಲಿ ಮರೆಯಾಗುತ್ತದೆ. ಅದಕ್ಕಾಗಿ ಅವರು ಫೋಮಿನಲ್ಲಿ ಉದ್ದಕ್ಕೂ ಸೀಳು ಮಾಡಿ, ಒಳಗೆ ತಂತಿ ಕೂರಿಸಿ, ಕವರಿನ ಹೊಲಿಗೆಯ ಹಿಂಬದಿಯಲ್ಲೂ ಇನ್ನೊಂದು ತಂತಿ ತೂರಿಸಿ, ಎರಡನ್ನೂ ಹಾಗ್ ರಿಂಗ್ ಎಂಬ ಉಂಗುರಗಳಿಂದ ಬಿಗಿದರು. ಇಕ್ಕಳದ ಒಂದೊಂದು ಹಿಡಿತಕ್ಕೂ ಕಣಿವೆ ಆಳವಾಗುತ್ತ, ಉಬ್ಬು ಎದ್ದುಬರುತ್ತಿದ್ದುದನ್ನು ನಾನು ನಿಂತು ನೋಡಿದೆ.

ಮೈಗೆ ತಾಗುವ ಭಾಗಕ್ಕೆ ರೆಕ್ಸಿನ್ ಬಿಟ್ಟು ಬಟ್ಟೆಯನ್ನೇ ಆರಿಸಿದೆವು. ಬೋಲ್ಸ್ಟರ್ ಮೈಯನ್ನು ಅಪ್ಪಿಕೊಳ್ಳುವುದರಿಂದ ಕರಾವಳಿಯ ಸೆಕೆಯಲ್ಲಿ ಮೊದಲು ಬೆವರುವುದು ಅಲ್ಲಿಯೇ.

ಸೀಟನ್ನು ಮತ್ತೆ ಕೂರಿಸಿದ ದಿನ ತೀರ್ಥಹಳ್ಳಿಯವರೆಗೆ ಹೋಗಿಬಂದೆವು. ಮನೆಗೆ ಬಂದ ಮೇಲೆ ಅಮ್ಮ ಎಡಪಕ್ಕೆಯನ್ನು ಮುಟ್ಟಿಕೊಂಡು, “ಇಲ್ಲಿ ಸ್ವಲ್ಪ ಒತ್ತುತ್ತೆ ಕಣೋ” ಎಂದರು. ಮರುದಿನ ಆ ಕಡೆಯ ಉಂಗುರಗಳನ್ನು ಬಿಚ್ಚಿ, ರೀಬಾಂಡೆಡ್ ತಿರುಳಿನಿಂದ ಎಂಟು ಮಿ.ಮೀ. ತೆಗೆದು, ಮೆತ್ತನೆಯ ಪದರವನ್ನು ಹಾಗೆಯೇ ಉಳಿಸಿ ಮುಚ್ಚಿದೆ. ಮುಂದಿನ ವಾರ ಉಡುಪಿಗೆ ಹೊರಟಾಗ ಘಾಟಿಯ ನಾಲ್ಕನೆಯ ತಿರುವಿನಲ್ಲಿ ಅಮ್ಮ ಹಿಡಿಕೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.